ಮೈಗಳ್ಳ ಅನ್ನೂಕಿಂತ ಮೊದಲ ಬಾಜೂ ಐದ ಮಿನಿಟ ಕುಂದರ್ರಿ

ಹೋದ ತಿಂಗಳ ಬಬಲೇಶ್ವರದಾಗ ನಮ್ಮ ನಾದಿನಿ ಮಗಳ ಕುಬಸ ಇತ್ತು. ನಿಮ್ಮೊಳಗ ಭಾಳ ಮಂದಿ ಬಂದಿದ್ರಿ. ಊಟ ಛಲೋ ಆತು, ಹೋಳಗಿ ಮೆತ್ತಗಿದ್ದುವು, ಮಂದಿನೂ ಭಾಳ ಕೂಡಿತ್ತು. ಆ ಗದ್ದಲದಾಗ ಒಬ್ಬರು ನನ್ನ ಮಗಗ, "ಒಳಗಿಂದ ತಾಟು ತಗೊಂಡ ಬಾರಪಾ, ಬರೂ ಮುಂದ ನೀರಿನ ತಂಬಗಿ ತುಂಬಕೊಂಡ ಬಾ, ಅಲ್ಲೊಂದ ಚಾಪಿ ಹಾಸು, ಹಂಗ ನಿಮ್ಮ ಮಾಮಾನ್ನೂ ಕರಿ" ಅಂತ ಒಂದೇ ಉಸಿರಿಗೆ ನಾಕ ಕೆಲಸ ಹೇಳಿದ್ರು. ಅಂವ "ಹೂಂ" ಅಂದು ಒಳಗ ಹೋದ. ಅರ್ಧಾ ತಾಸಾದ್ರೂ ಹೊರಗ ಬರಲಿಲ್ಲ. ಹೋಗಿ ನೋಡಿದ್ರ ಹಿತ್ತಲದಾಗ ಜ್ವಾಳದ ಚೀಲದ ಮ್ಯಾಲ ಕುಂತು ಬೆಕ್ಕಿನ ಮರಿ ಸಂಗಾಟ ಆಡಲಾಕತ್ತಿದ್ದ.

ಮುಂದಿಂದು ನಿಮಗ ಗೊತ್ತೇ ಅದ. "ಎಂಥಾ ಮೈಗಳ್ಳ ಇವ." "ಒಬ್ಬನೇ ಮಗ ಅಂತ ಮುದ್ದ ಮಾಡಿ ಕೆಡಿಸ್ಯಾರ." "ಹಾಸ್ಟೆಲ್ ಇದ್ದ ಕೋಚಿಂಗಿಗೆ ಹಾಕ್ರಿ, ಆರ ತಿಂಗಳದಾಗ ಸೀದಾ ಆಗತಾನ." ನಾ ಅವತ್ತ ಏನೂ ಅನ್ನಲಿಲ್ಲ. ಕುಬಸದ ಮನ್ಯಾಗ, ಬಸರ ಹುಡುಗಿ ಮುಂದ, ಯಾಕ ಮಾತು ಬೆಳಸೋದು ಅಂತ ಸುಮ್ಮನಾದೆ. ಆದ್ರ ಆ ಮಾತು ಹೊಟ್ಟ್ಯಾಗ ಇಟಗೊಂಡ ವಿಜಯಪುರಕ್ಕ ಬಂದೆ. ಒಂದ ತಿಂಗಳಾತು, ಇನ್ನೂ ಕರಗಿಲ್ಲ. ಅದಕ್ಕ ಇವತ್ತ ಬರೀಲಾಕತ್ತೀನಿ. ಸಿಟ್ಟಿಲೆ ಬರ್ಯಾಂಗಿಲ್ಲ, ಯಾಕಂದ್ರ ನೀವು ಅಂದ ಮಾತು ಒಂದ ಕಾಲಕ್ಕ ನಾನೂ ಅಂದಾಕಿನೇ ಇದ್ದೀನಿ. ಅಂದದ್ದಷ್ಟ ಅಲ್ಲ, ಹೊಡದೀನಿ.

ನಮ್ಮೂರ ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳ ಸಲ ಕೇಳತದ ಅಂತಾರ. ನಮ್ಮ ಮನ್ಯಾಗ ಉಲ್ಟಾ. ನಾ ಏಳ ಸಲ ಕೂಗಿದ್ರ ಅಂವಗ ಒಮ್ಮೆನೂ ಕೇಳತಿದ್ದಿಲ್ಲ. ಸಂಜೀಕ ಆರ ಗಂಟೆ ಆತಂದ್ರ ನನ್ನ ಎದಿ ಡವಡವ ಅನ್ನಲಾಕ ಹತ್ತತಿತ್ತು. "ಪುಸ್ತಕ ತಗಿ" ಅಂದ್ರ ನೀರ ಕುಡೀಲಾಕ ಹೋಗತಿದ್ದ. ಬಂದ ಮ್ಯಾಲ ಪೆನ್ಸಿಲಿಗೆ ಚೂಪ ಇಲ್ಲ. ಚೂಪ ಮಾಡಿದ ಮ್ಯಾಲ ರಬ್ಬರ ಇಲ್ಲ. ರಬ್ಬರ ಹುಡುಕಲಾಕ ಹೋದಾಂವ ಮ್ಯಾಳಗಿ ಮ್ಯಾಲ ಗಾಳಿಪಟ ಹಿಡಕೊಂಡ ನಿಂತಿರತಿದ್ದ. ಕೈ ಹಿಡದು ಎಳಕೊಂಡ ಬಂದು ಕುಂದ್ರಸಿದ್ರ ಹೊಟ್ಟಿ ನೋಯತದ ಅಂತಿದ್ದ. ಹತ್ತ ಮಿನಿಟದ ಬರವಣಿಗಿಗೆ ಎರಡ ತಾಸು. ಅದರಾಗ ಬರ್ಯಾಕ ಹೋಗೂದು ಹತ್ತ ಮಿನಿಟನೇ, ಉಳದದ್ದೆಲ್ಲಾ ಸುರು ಮಾಡಲಾಕ.

ಎರಡ ವರ್ಷದ ಹಿಂದ ಒಂದಿನ ಸಾಲಿ ಡೈರ್‍ಯಾಗ ಐದ ದಿನದ "ಮನೆಗೆಲಸ ಮಾಡಿಲ್ಲ" ಒಟ್ಟಿಗೇ ನೋಡಿದೆ. ರೊಟ್ಟಿ ಬಡ್ಯಾಕತ್ತಿದ್ದೆ, ಹಂಚು ಕಾಯ್ದಿತ್ತು, ತಲಿನೂ ಕಾಯ್ದಿತ್ತು. ಕೈಗೆ ಸಿಕ್ಕದ್ದು ಲಟ್ಟಣಗಿ. ಬೆನ್ನ ಮ್ಯಾಲ ಎರಡ ಬಿತ್ತು. ಅಂವ ಅಳಲಿಲ್ಲ, ನನ್ನ ಮಾರಿನೇ ನೋಡಿದ. ರಾತ್ರಿ ಬೆನ್ನಿಗೆ ಕೊಬ್ಬರಿ ಎಣ್ಣಿ ಹಚ್ಚೂ ಮುಂದ ಹೇಳಿದ: "ಅವ್ವಾ, ನನಗೂ ಬರೀಬೇಕು ಅನಸತದ. ಪುಸ್ತಕ ತಗದ ಕೂಡಲೇ ಹೊಟ್ಟ್ಯಾಗ ಒಂಥರಾ ಆಗತದ. ಕೈ ಏಳಂಗಿಲ್ಲ."

ಕೈ ಏಳಂಗಿಲ್ಲ. ಎಂಟ ವರ್ಷದ ಕೂಸು ಸುಳ್ಳ ಹೇಳಬೇಕಂದ್ರ ಇಂಥಾ ಸುಳ್ಳ ಹೇಳತದೇನ್ರಿ? ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಆಮ್ಯಾಲ ಡಾಕ್ಟರ್ ಕಡೆ ಹೋದ್ವಿ. ಅವರು ಒಂದೇ ದಿನಕ್ಕ ನೋಡಿ ಹೆಸರ ಹೇಳಲಿಲ್ಲ. ಕಣ್ಣು, ಕಿವಿ, ನಿದ್ದಿ ಸರಿ ಅದಾವೇನು ಅಂತ ಮೊದಲ ನೋಡಿದ್ರು. ಓದಲಾಕ, ಅಕ್ಷರ ಗುರ್ತು ಹಿಡೀಲಾಕನೇ ತ್ರಾಸ ಅದ ಏನು ಅಂತ ಪರೀಕ್ಷಾ ಮಾಡಿದ್ರು, ಯಾಕಂದ್ರ ಓದೋದೇ ಕಷ್ಟ ಇದ್ದ ಕೂಸೂ ಪುಸ್ತಕಕ್ಕ ಹೆದರಿ ಓಡತದ, ಅದರ ದಾರಿ ಬ್ಯಾರೆ. ಮನ್ಯಾಗ ಹ್ಯಾಂಗ, ಸಾಲ್ಯಾಗ ಹ್ಯಾಂಗ ಅಂತ ನಮ್ಮನ್ನೂ ಕೇಳಿದ್ರು, ಟೀಚರಿಗೂ ಒಂದ ಫಾರ್ಮ್ ಕಳಿಸಿದ್ರು. ಒಂದ ಕಡೆ ಅಷ್ಟ ಇದ್ರ ಸಾಲಂಗಿಲ್ಲ, ಎರಡೂ ಕಡೆ ಇರಬೇಕು. ಆರ ತಿಂಗಳಕ್ಕಿಂತ ಹೆಚ್ಚ ದಿನದಿಂದ ಇರಬೇಕು. ಹನ್ನೆರಡ ವರ್ಷ ತುಂಬೂಕಿಂತ ಮೊದಲ ಕಾಣಿಸಿರಬೇಕು. ಇಷ್ಟೆಲ್ಲಾ ಆದ ಮ್ಯಾಲ ಹೇಳಿದ್ರು: ಎ.ಡಿ.ಎಚ್.ಡಿ. ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಅಂತ ಕನ್ನಡದಾಗ ಬರೀತಾರ.

ಈ ಹೆಸರ ಕೇಳಿದ ಕೂಡಲೇ ನಮ್ಮ ಮಂದಿ ಮೊದಲ ಅನ್ನೂದು, "ಎಲ್ಲಾ ಮೊಬೈಲಿಂದು". ಮೊಬೈಲ್ ಹೆಚ್ಚ ನೋಡೋದು ಛಲೋ ಅಲ್ಲ, ಅದನ್ನ ನಾನೂ ಒಪ್ಪತೀನಿ. ಆದ್ರ ಇದು ಮೊಬೈಲ್ ತಂದ ಜಡ್ಡಲ್ಲ. 1902ರಾಗ ಲಂಡನ್ನಿನ್ಯಾಗ ಜಾರ್ಜ್ ಸ್ಟಿಲ್ ಅನ್ನೂ ಮಕ್ಕಳ ಡಾಕ್ಟರು, ಬುದ್ಧಿ ಸರಿ ಇದ್ದೂ ಒಂದ ಕಡೆ ಮನಸ್ಸ ನಿಲ್ಲಸಲಾಕ, ತಮ್ಮನ್ನ ತಾವು ತಡಕೊಳ್ಳಲಾಕ ಬಾರದ ಮಕ್ಕಳ ಬಗ್ಗೆ ಭಾಷಣ ಮಾಡಿದ್ರು. ಅವಾಗ ಮೊಬೈಲ್ ಎಲ್ಲಿತ್ರಿ? ಇದು ಭಾಳ ಮಟ್ಟಿಗೆ ಹುಟ್ಟಿನಿಂದನೇ ಬರತದ, ಮನಿತನದಾಗ ಹರಕೊಂಡ ಬರತದ. ಸಕ್ಕರಿ ತಿಂದದ್ದಕ್ಕ ಬರೂದಲ್ಲ, ತಾಯಿ ಮುದ್ದ ಮಾಡಿದ್ದಕ್ಕ ಬರೂದಲ್ಲ. ಕೆಲಸ ಸುರು ಮಾಡೂದು, ಹೇಳಿದ್ದು ನೆಪ್ಪಿನ್ಯಾಗ ಇಟಗೊಳ್ಳೂದು, ಕಾಯೂದು ಇವನ್ನ ನೋಡಕೊಳ್ಳೂ ಮಿದುಳಿನ ಭಾಗ ಈ ಮಕ್ಕಳಲ್ಲಿ ಸಾವಕಾಶ ಬಲೀತದ. ಬಬಲೇಶ್ವರದಾಗ ಒಂದೇ ಉಸಿರಿಗೆ ಹೇಳಿದ ನಾಕ ಕೆಲಸ ಯಾಕ ಬೆಕ್ಕಿನ ಮರಿ ಕಡೆ ಹೋದುವು ಅಂತ ಈಗ ತಿಳೀತಲ್ಲ? ಮೊದಲನೇದು ತಲಿಗೆ ಹೋಗೂದ್ರಾಗ ನಾಕನೇದು ಬಂದು ಮೊದಲನೇದ್ನ ಹೊರಗ ದಬ್ಬಿರತದ.

ಎರಡನೇ ಮಾತು ಇನ್ನೂ ಗಟ್ಟಿ ಇರತದ. "ಕ್ರಿಕೆಟ್ ನೋಡಲಾಕ ಕುಂತ್ರ ಮೂರ ತಾಸು ಏಳಂಗಿಲ್ಲ, ಓದಲಾಕ ಅಷ್ಟ ಜಡ್ಡೇನು?" ಈ ಪ್ರಶ್ನೆ ನಾನೂ ಡಾಕ್ಟರಿಗೆ ಕೇಳಿದೆ. ಅವರು ಹೇಳಿದ್ದು ಇಷ್ಟ: ಕ್ರಿಕೆಟಿನ್ಯಾಗ ಬಾಲಿಗೊಮ್ಮೆ ಏನಾರೆ ಆಗತದ, ಅದರ ರುಚಿ ಅಲ್ಲೇ ಸಿಗತದ. ಗಣಿತದ ರುಚಿ ಪರೀಕ್ಷಾ ಮುಗದು ರಿಜಲ್ಟ್ ಬಂದಾಗ. ನಮಗ ನಿಮಗ ಆ ದೂರದ ರುಚಿ ಇಲ್ಲಿಂದನೇ ಒಂಚೂರ ಕಾಣತದ. ಈ ಮಕ್ಕಳಿಗೆ ದೂರ ಇದ್ದದ್ದು ಇಲ್ಲದಂಗೇ. ಅದರ ಮ್ಯಾಲ, ಆ ಪುಸ್ತಕ ತಗದಾಗೊಮ್ಮೆ ಬೈಸಿಕೊಂಡಿರತಾನ. ಕಾಯ್ದ ಹಂಚು ಒಮ್ಮೆ ಮುಟ್ಟಿದ ಕೂಸು ಮತ್ತ ಹಂಚಿನ ಹತ್ರ ಹೋಗತದೇನ್ರಿ? ಪುಸ್ತಕ ಅಂವಗ ಹಂಚ ಆಗಿತ್ತು. ಆ ಹಂಚು ಕಾಯಿಸಿದಾಕಿ ನಾನೇ.

ಇದನ್ನ ನಮ್ಮ ನೆಲದ ಮಾತಿನ್ಯಾಗ ಹೇಳತೀನಿ ಕೇಳ್ರಿ. ಕೃಷ್ಣಾ ಹೊಳ್ಯಾಗ ನೀರು ಮೊದಲಿಂದ ಇದ್ದುವು. ಆದ್ರ ತಿಕೋಟಾ, ಬಬಲೇಶ್ವರ ಕಡೆ ಹೊಲ ಎತ್ತರದಾಗ, ನೀರು ತಾವಾಗೇ ಮ್ಯಾಲ ಏರಲಿಲ್ಲ. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಅಂತ ಮಾಡಿ, ಮೋಟಾರ್ ಹಚ್ಚಿ ನೀರ ಎತ್ತಿದ ಮ್ಯಾಲ ಕಾಲುವ್ಯಾಗ ಹರದು ಬಂದುವು. ಎತ್ತೂ ತನಕ ಅಷ್ಟ ತ್ರಾಸ. ಆ ಎತ್ತರದ ಹೊಲಕ್ಕ ಯಾರಾರೆ "ನೀ ಮೈಗಳ್ಳ, ನಿನಗ ನೀರ ಕುಡಿಯೂ ಮನಸ್ಸಿಲ್ಲ" ಅಂತ ಬೈದ್ರೇನು? ನನ್ನ ಮಗನ ತಲ್ಯಾಗೂ ನೀರ ಅದ. ಸುರು ಮಾಡೂ ಆ ಏರ ಏರಸಲಾಕ ಯಾರಾರೆ ಕೈ ಹಚ್ಚಬೇಕು. ಏರಿದ ಮ್ಯಾಲ ಅಂವ ಹರೀತಾನ.

ಇದು ನನಗ ಖರೇ ಅಂತ ಗೊತ್ತಾಗಿದ್ದು ತಿಕೋಟಾದಾಗ, ನನ್ನ ತವರಮನಿ ದ್ರಾಕ್ಷಿ ತೋಟದಾಗ. ಹೋದ ಬ್ಯಾಸಿಗಿ ಸೂಟ್ಯಾಗ ಹೋಗಿದ್ವಿ. ಶೆಡ್ಡಿನ್ಯಾಗ ಮಣೂಕ ಆರಿಸೂ ಕೆಲಸ ನಡದಿತ್ತು. ಕಡ್ಡಿ ತಗದು, ಕರೀವು ಬ್ಯಾರೆ, ಹಸಿರ ಹಳದಿ ಬ್ಯಾರೆ. ನನ್ನ ತಮ್ಮ ಇವನ್ನ ಕರದು ಬಾಜೂ ಕುಂದ್ರಸಿಕೊಂಡು ಒಂದ ಸಣ್ಣ ಬುಟ್ಟಿ ಮುಂದ ಇಟ್ಟ. "ಇದಷ್ಟ ಆರಸು, ನಾನೂ ನಂದು ಆರಸತೀನಿ" ಅಂದ. ಬುಟ್ಟಿ ಮುಗೀತು. "ಶಾಬಾಸ್, ಇನ್ನೊಂದ ತರಲೇನು?" ಅಂದ. ನಡುವ ಎದ್ದು ತೊಟ್ಟಿಲ ಆಡಿಸಿಕೋಂತ ಓಡಾಡಿ ಬಂದ್ರೂ ಏನೂ ಅನ್ನಲಿಲ್ಲ. ನೀವು ನಂಬಲಾರ್ರಿ, ಮನ್ಯಾಗ ಹತ್ತ ಮಿನಿಟ ಕುಂದ್ರಲಾರದ ಹುಡುಗ ಅಲ್ಲಿ ಒಂದೂವರಿ ತಾಸು ಕುಂತಿದ್ದ. ನಾ ಬಾಗಲದಾಗ ನಿಂತು ನೋಡಿದೆ. ಹುಡುಗ ಅಂವನೇ. ಕೆಲಸ ಕೊಟ್ಟ ರೀತಿ ಬ್ಯಾರೆ ಇತ್ತು. ಇಡೀ ಶೆಡ್ಡ ಅಂವನ ತಲಿ ಮ್ಯಾಲ ಹೊರಿಸಲಿಲ್ಲ, ಒಂದ ಬುಟ್ಟಿ ಕೊಟ್ಟ. ಎಲ್ಲಿ ಮುಗೀತದ ಅನ್ನೂದು ಕಣ್ಣಿಗೆ ಕಾಣತಿತ್ತು. ಬಾಜೂ ಒಬ್ಬರು ತಮ್ಮ ಕೆಲಸ ಮಾಡಕೋಂತ ಕುಂತಿದ್ರು. ಮುಗದ ಕೂಡಲೇ ಒಂದ ಒಳ್ಳೇ ಮಾತ ಬಿತ್ತು.

ಡಾಕ್ಟರು ಹೇಳಿದ ಮಾತೂ ಇದೇ ಇದ್ದುವು, ನನಗ ತಲಿಗೆ ಹೋಗಿದ್ದಿಲ್ಲ ಅಷ್ಟ. ತಮ್ಮ ಏಳನೇತ್ತೆಗೆ ಸಾಲಿ ಬಿಟ್ಟಾಂವ, ಅಂವಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಆಮ್ಯಾಲ ಅಂವನೇ ಅಂದ, "ಅಕ್ಕಾ, ನಾ ಸಾಲಿಗೆ ಹೋಗೂ ಮುಂದ ನನಗೂ ಹಿಂಗೇ ಆಗತಿತ್ತು. ನನಗ ಯಾರೂ ಒಂದೇ ಬುಟ್ಟಿ ಕೊಡಲಿಲ್ಲ." ಈ ಮಾತಿನ ಮ್ಯಾಲ ನಾವಿಬ್ಬರೂ ಭಾಳ ಹೊತ್ತ ಸುಮ್ಮನ ಕುಂತ್ವಿ.

ಅವತ್ತಿನಿಂದ ನಮ್ಮ ಮನ್ಯಾಗ ಏನ ಬದಲಾತು ಅಂತ ಬರೀತೀನಿ. ನಿಮ್ಮ ಮನ್ಯಾಗೂ ಇಂಥಾ ಒಂದ ಕೂಸು ಇದ್ರ ಉಪಯೋಗಕ್ಕ ಬಂದೀತು.

ಸಾಲಿಂದ ಬಂದ ಕೂಡಲೇ ಪುಸ್ತಕದ ಹೆಸರ ತಗ್ಯಾಂಗಿಲ್ಲ. ತಿನ್ನಲಾಕ ಕೊಡತೀನಿ, ಅರ್ಧಾ ತಾಸು ಓಣ್ಯಾಗ ಓಡಾಡಿ ಬರತಾನ. ಮೈ ದಣೀಲಾರದ ಮನಸ್ಸು ಕುಂದ್ರಂಗಿಲ್ಲ. ಆಮ್ಯಾಲ ಹತ್ರ ಹೋಗಿ, ಹೆಗಲ ಮ್ಯಾಲ ಕೈ ಇಟ್ಟು, ಮಾರಿ ನೋಡಿ ಒಂದೇ ಮಾತ ಹೇಳತೀನಿ. ಅಡಗಿ ಮನಿಂದ ಕೂಗೂದು ಬಿಟ್ಟೀನಿ. "ಓದಕೋ" ಅನ್ನೂದೂ ಬಿಟ್ಟೀನಿ. ಓದಕೋ ಅನ್ನೂದು ಇಡೀ ಶೆಡ್ಡ ಇದ್ದಂಗ, ಎಲ್ಲಿಂದ ಹಿಡೀಬೇಕು ತಿಳ್ಯಾಂಗಿಲ್ಲ. "ಗಣಿತದ ವಹಿ ತಗದು ಇವತ್ತಿನ ತಾರೀಖ ಬರಿ" ಅಂತೀನಿ. ಅಷ್ಟ. ತಾರೀಖ ಬರದ್ರ ಅರ್ಧಾ ಏರ ಏರಿದಂಗ. "ಗಣಿತ ಮೊದಲ ಮಾಡತಿ, ಕನ್ನಡ ಮೊದಲ ಮಾಡತಿ?" ಅಂತ ಕೇಳತೀನಿ. ಮಾಡೂದಂತೂ ಮಾಡಬೇಕು, ಯಾವುದು ಮೊದಲ ಅನ್ನೂದು ಅಂವನ ಕೈಯಾಗ.

ಹೊತ್ತು ಎಷ್ಟಾತು, ಎಷ್ಟ ಉಳೀತು ಅನ್ನೂದು ಈ ಮಕ್ಕಳಿಗೆ ಗೊತ್ತಾಗಂಗಿಲ್ಲ. ಅದಕ್ಕ ಗ್ವಾಡಿ ಗಡಿಯಾರ ಕೆಳಗ ಇಳಿಸಿ ಅಂವನ ಮುಂದ ಇಟ್ಟೀನಿ. ದೊಡ್ಡ ಮುಳ್ಳು ಎಲ್ಲಿಗೆ ಬಂದ್ರ ಬಿಡತದೋ ಅಲ್ಲಿ ನನ್ನ ಹಣಿ ಮ್ಯಾಲಿನ ಟಿಕಳಿ ತಗದು ಗಾಜಿಗೆ ಹಚ್ಚತೀನಿ. ಮೊದಲ ಐದ ಮಿನಿಟಕ್ಕ ಹಚ್ಚತಿದ್ದೆ, ಈಗ ಹದಿನೈದಕ್ಕ ಬಂದದ. ಮುಳ್ಳು ಟಿಕಳಿ ಮುಟ್ಟಿತಂದ್ರ ಬರ್ಯಾದು ಅರ್ಧಕ್ಕಿದ್ರೂ ಎದ್ದು ಐದ ಮಿನಿಟ ಆಡಲಾಕ ಬಿಡತೀನಿ. ಮೊದಮೊದಲ "ಇನ್ನೆರಡ ಲೆಕ್ಕ ಅಷ್ಟ ಮುಗಿಸಿ ಏಳು" ಅಂತ ಆಶೇಕ ಬಿದ್ದು ಕೆಡಿಸಿಕೊಂಡೆ. ಮಾತು ಕೊಟ್ಟ ಮ್ಯಾಲ ಮಾತಿನಂಗ ಬಿಡಬೇಕು. ಇಲ್ಲಾಂದ್ರ ಮರುದಿನ ಟಿಕಳಿ ನಂಬಂಗಿಲ್ಲ.

ಆ ಹೊತ್ತಿನ್ಯಾಗ ನಾ ಬಾಜೂ ಕುಂತು ನನ್ನ ಕೆಲಸ ಮಾಡತೀನಿ. ಜ್ವಾಳ ಹಸನ ಮಾಡತೀನಿ, ಮೆಂತ್ಯಾ ಪಲ್ಯಾ ಸೋಸತೀನಿ, ಶೇಂಗಾ ಸುಲೀತೀನಿ. ಅಂವನ ವಹಿ ಇಣಕಿ ನೋಡಂಗಿಲ್ಲ, ತಪ್ಪ ಹಿಡ್ಯಾಂಗಿಲ್ಲ, ಮೊಬೈಲ್ ಮುಟ್ಟಂಗಿಲ್ಲ. ಅಂವನ ಬರವಣಿಗಿ ನಾ ಬರ್ಯಾಂಗಿಲ್ಲ ಅನ್ನೂದೂ ಖರೇನೇ. ಅಂವಂದು ಅಂವನೇ ಮಾಡಬೇಕು, ನಾ ಬರೇ ಸಂಗಾಟ. ಒಂದ ಡಬ್ಬಿ ಇಟ್ಟೀನಿ, ಸುರು ಮಾಡಿದ ಕೂಡಲೇ ಒಂದ ಹುಣಸಿ ಬೀಜ ಬೀಳತದ. ನೋಡ್ರಿ, ಮುಗಿಸಿದ್ದಕ್ಕಲ್ಲ, ಸುರು ಮಾಡಿದ್ದಕ್ಕ. ಯಾಕಂದ್ರ ಅಂವಗ ಭಾರ ಇರೂದು ಅದೇ. ಹತ್ತ ಬೀಜ ಆದ್ರ ಸಂಜೀಕ ಅವರಪ್ಪನ ಸಂಗಾಟ ಗೋಳಗುಮ್ಮಟದ ಬಗಿಚಾಕ್ಕ ಹೋಗೂದು. ಹೊಡೀಲಿ, ಬೈಲಿ, ಏನ ಆದ್ರೂ ಡಬ್ಬಿಗೆ ಬಿದ್ದ ಬೀಜ ತಿರಗಿ ತಗ್ಯಾಂಗಿಲ್ಲ ಅಂತ ಮನಿ ಮಂದಿ ಎಲ್ಲಾರೂ ಒಪ್ಪೀವಿ. ಅಂವ ಗಳಿಸಿದ್ದು ಅಂವಂದು.

ಸಾಲ್ಯಾಗ ಟೀಚರಿಗೂ ಕೈ ಮುಗದು ಒಂದ ಮಾತ ಕೇಳಿದೆ: ಸಣ್ಣ ಚೀಟ್ಯಾಗ ದಿನಾ ಮೂರೇ ಗುರ್ತು ಹಾಕ್ರಿ. ಹೇಳಿದ ಕೂಡಲೇ ವಹಿ ತಗದ್ನೇನು, ಕೊಟ್ಟದ್ದರಾಗ ಅರ್ಧಾ ಆರೆ ಬರದ್ನೇನು, ಬ್ಯಾರೆ ಹುಡುಗೂರಿಗೆ ತ್ರಾಸ ಕೊಡಲಿಲ್ಲೇನು. ಕೆಟ್ಟದ್ದ ಬರದ ಡೈರಿ ಐದ ತುಂಬಿದ್ದುವು, ಒಳ್ಳೇದ ಬರದ ಚೀಟಿ ಮೊದಲ ಸಲ ಮನಿಗೆ ಬಂತು. ಅವತ್ತ ಅಂವ ಅದನ್ನ ನಾಕ ಮಂದಿಗೆ ತೋರಿಸಿ ಬಂದ.

ಇದೆಲ್ಲಾ ಮಾಡಿದ ಮ್ಯಾಲ ಮಗ ರಾಮ ಆದ ಅಂತ ತಿಳೀಬ್ಯಾಡ್ರಿ. ವಾರದಾಗ ಎರಡ ದಿನ ಇವತ್ತಿಗೂ ಹಾಳಾಗತಾವ. ಹೋದ ಮಂಗಳವಾರ ವಹಿ ಒಗದು ಮ್ಯಾಳಗಿ ಏರಿ ಕುಂತಿದ್ದ. ನನ್ನ ಬಾಯಿಲೂ ಬೈಗಳ ಬಂದುವು. ಆದ್ರ ಎರಡ ತಾಸಿನ ಯುದ್ಧ ಮುಕ್ಕಾಲ ತಾಸಿಗೆ ಇಳದದ. ಲಟ್ಟಣಗಿ ರೊಟ್ಟಿಮನ್ಯಾಗ ಅದ. ನನಗ ಸಂಜೀ ಆರ ಗಂಟೆ ಹೆದರಿಕಿ ಇಲ್ಲ. ಇದಕ್ಕಿಂತ ಹೆಚ್ಚಿಂದ ಬೇಕೇನ್ರಿ?

ಈಗ ನಿಮ್ಮ ಮಾತಿಗೆ ಬರತೀನಿ. "ಬಾಜೂ ಕುಂದ್ರಕೋಂತ ಹೋದ್ರ ಅಂವ ಎಂದ ದೊಡ್ಡಾಂವ ಆಗತಾನ?" ಅಂತ ಅತ್ತಿಯವರು ಕೇಳಿದ್ರು. ಮಾತು ತಪ್ಪಲ್ಲ. ಸೈಕಲ್ ಕಲಸೂ ಮುಂದ ಹಿಂದ ಸೀಟ ಹಿಡದು ಓಡತೀವಿ, ಆಮ್ಯಾಲ ಒಂದ ದಿನ ಅಂವಗ ಗೊತ್ತಾಗಲಾರದಂಗ ಬಿಡತೀವಿ. ಇದೂ ಹಂಗೇ. ಮೊದಲ ಪೂರಾ ಹೊತ್ತು ಕುಂದ್ರತಿದ್ದೆ, ಈಗ ಮೊದಲ ಐದ ಮಿನಿಟ ಕುಂತು ಎದ್ದು ಅಡಗಿಗೆ ಹೋಗತೀನಿ. ಆದ್ರ ಹಿಡೀಲಾರದೇ ಮೊದಲ ದಿನನೇ ಬಿಟ್ರ ಮೊಣಕಾಲ ಕೆತ್ತತದ, ಮತ್ತ ಸೈಕಲ್ ಹತ್ತಂಗಿಲ್ಲ.

"ನಮ್ಮ ಕಾಲದಾಗ ಹೊಡದೇ ಕಲಿಸಿದ್ರು, ನಾವೇನ ಕೆಟ್ಟೀವಿ?" ಅಂತಾರ. ಕಲತವರು ಮುಂದ ಬಂದು ಹೇಳತಾರ್ರಿ. ಹೊಡಿಸಿಕೊಂಡು ಸಾಲಿ ಬಿಟ್ಟವರು ಎಲ್ಲಿ ಹೋದ್ರು ಅಂತ ಯಾರೂ ಎಣಸಲಿಲ್ಲ. ನನ್ನ ತಮ್ಮ ಅದಾನ ನೋಡ್ರಿ. ತೋಟ ಛಲೋ ಮಾಡತಾನ, ಅಕ್ಟೋಬರ್ ಚಾಟ್ನಿ ಹೊತ್ತಿನ್ಯಾಗ ಹತ್ತ ಆಳು ನಡಸತಾನ, ಆದ್ರ ಬ್ಯಾಂಕಿನ ಒಂದ ಫಾರ್ಮ್ ತುಂಬಬೇಕಂದ್ರ ಇವತ್ತಿಗೂ ಬೆವರತಾನ. ಸಾಲ್ಯಾಗ ಮಕ್ಕಳನ್ನ ಹೊಡ್ಯಾದು 2009ರ ಶಿಕ್ಷಣ ಹಕ್ಕು ಕಾಯಿದ್ಯಾಗ ನಿಷೇಧ ಆಗೇದ. ಮಾಸ್ತರಿಗೆ ಬ್ಯಾಡ ಅಂದದ್ದು ಮನ್ಯಾಗ ನಮಗ ಹ್ಯಾಂಗ ಬೇಕಾತದ?

ಕೋಚಿಂಗ್ ಹಾಸ್ಟೆಲ್ ಮಾತು ಬ್ಯಾರೆನೇ ಅದ. 1963ರಾಗ ನಮ್ಮೂರಿಗೆ ಸೈನಿಕ ಸಾಲಿ ಬಂದದ್ದು, ಆರನೇತ್ತೆಗೆ ಸೈನಿಕ, ನವೋದಯ ಅಂತ ಪರೀಕ್ಷಾ ಬರಸೂ ಆಶಾ ಎಲ್ಲಾ ಮನಿಗೂ ಹತ್ತೇದ. ಹತ್ತಿದ್ದು ತಪ್ಪಲ್ಲ, ಎಷ್ಟೋ ಬಡವರ ಮಕ್ಕಳು ಅಲ್ಲಿ ಕಲತು ದೊಡ್ಡವರಾಗ್ಯಾರ. ನನ್ನ ಮಗ ನಾಳೆ ತಾನೇ ಬರೀತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ "ಸೀದಾ ಮಾಡಲಾಕ" ಅಂತ ಹತ್ತ ವರ್ಷದ ಕೂಸಿನ್ನ ಕಳಸೂದು ನನಗ ಒಪ್ಪಂಗಿಲ್ಲ. ನೂರ ಮಕ್ಕಳ ನಡುವ ಇಂವಗ ಒಂದ ಬುಟ್ಟಿ ಬ್ಯಾರೆ ಮಾಡಿ ಕೊಡಾವರ್ಯಾರು? ಬಾಜೂ ಐದ ಮಿನಿಟ ಕುಂದ್ರಾವರ್ಯಾರು? ಅಲ್ಲಿ ಅಂವ ಕಲಿಯೂದು ಒಂದೇ, ತಾ ದಡ್ಡ ಅನ್ನೂದು. ಆ ಪಾಠ ಒಮ್ಮೆ ಕಲತ್ರ ಮರ್ಯಾಂಗಿಲ್ಲ.

ಹೆಣ್ಣಮಕ್ಕಳ ಬಗ್ಗೆನೂ ಒಂದ ಮಾತ. ಗಂಡ ಹುಡುಗ ಓಡಾಡತಾನ, ಕಣ್ಣಿಗೆ ಬೀಳತಾನ. ಹುಡುಗಿ ಓಡಾಡಂಗಿಲ್ಲ, ಕಿಡಕ್ಯಾಗ ನೋಡಕೋಂತ ಕುಂದ್ರತಾಳ. ಹಾಲ ಉಕ್ಕಿ ಹೋದ್ರೂ ಎಚ್ಚರ ಇರಂಗಿಲ್ಲ, ಅರ್ಧಾ ಕಸ ಹೊಡದು ಮರೀತಾಳ. "ಮಬ್ಬ ಅದಾಳ, ಗಂಡನ ಮನ್ಯಾಗ ಹ್ಯಾಂಗ ಬಾಳೇ ಮಾಡತಾಳ" ಅಂತ ನಾವು ಅಂದು ಬಿಡತೀವಿ, ಡಾಕ್ಟರ್ ಕಡೆ ಒಯ್ಯಾಂಗಿಲ್ಲ. ಅಂಥಾ ಹುಡುಗಿ ನಿಮ್ಮ ಮನ್ಯಾಗ ಇದ್ರ ಒಮ್ಮೆ ತೋರಸ್ರಿ.

ಎಲ್ಲಿ ತೋರಸೂದು ಅಂತ ಕೇಳಾವರಿಗೆ: ಮೊದಲ ನಿಮ್ಮ ಮಕ್ಕಳ ಡಾಕ್ಟರಿಗೆ ಹೇಳ್ರಿ. ಸಾಲಿಗೆ, ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣಿ ಮಾಡಲಾಕ ಸರ್ಕಾರದ ತಂಡ ಬರತದಲ್ಲ, ಅವರ ಮುಂದೂ ಬಾಯಿ ಬಿಟ್ಟ ಹೇಳ್ರಿ. ಧಾರವಾಡದಾಗ ಡಿಮ್ಹಾನ್ಸ್ ಅದ, ಬೆಂಗಳೂರಾಗ ನಿಮ್ಹಾನ್ಸ್ ಅದ. ದೂರ ಹೋಗಲಾಕ ಆಗಂಗಿಲ್ಲ ಅಂದ್ರ 14416ಕ್ಕ ಫೋನ್ ಹಚ್ಚ್ರಿ. 2022ರ ಅಕ್ಟೋಬರದಾಗ ಸುರು ಆದ ಸರ್ಕಾರದ ಟೆಲಿ ಮಾನಸ್ ಅದು, ರೊಕ್ಕ ಕೊಡಬೇಕಾಗಿಲ್ಲ, ಕನ್ನಡದಾಗ ಮಾತಾಡತಾರ. ಗುಳಿಗಿ ಬೇಕೋ ಬ್ಯಾಡೋ ಅನ್ನೂದು ಡಾಕ್ಟರ್ ಹೇಳಬೇಕು. ಆರ ವರ್ಷಕ್ಕಿಂತ ಸಣ್ಣ ಕೂಸಿದ್ರ ಮೊದಲ ತಂದಿ-ತಾಯಿಗೆ ಕಲಸ್ರಿ, ಔಷಧ ಆಮ್ಯಾಲ ಅಂತ ಅಮೆರಿಕಾದ ಮಕ್ಕಳ ಡಾಕ್ಟರ್ ಸಂಘದವರು 2019ರಾಗೂ ಹೇಳ್ಯಾರ. ದೊಡ್ಡ ಮಕ್ಕಳಿಗೆ ಗುಳಿಗಿಯಿಂದ ಭಾಳ ಮಂದಿಗೆ ಛಲೋ ಆಗೇದ. ಕೊಟ್ರ ನಾಚಗೋಬ್ಯಾಡ್ರಿ. ಬಾಜೂ ಮನಿಯವರ ಮಾತ ಕೇಳಿ ಸುರು ಮಾಡಬ್ಯಾಡ್ರಿ, ಅವರ ಮಾತ ಕೇಳಿ ಬಿಡಲೂ ಬ್ಯಾಡ್ರಿ.

ಕಡೀಕ ಮತ್ತ ಬಬಲೇಶ್ವರಕ್ಕ ಬರತೀನಿ. ಅವತ್ತಿಂದು ಪೂರಾ ಹೇಳಿಲ್ಲ. ಎಲ್ಲಾರೂ ಮೈಗಳ್ಳ ಅಂದ ಮ್ಯಾಲ ಅಂವ ಕಂಬಕ್ಕ ಹತ್ತಿ ಮಾರಿ ಸಣ್ಣದ ಮಾಡಕೊಂಡ ನಿಂತಿದ್ದ. ನಮ್ಮ ನಾದಿನಿ ಅತ್ತಿ, ಎಂಬತ್ತರ ಹತ್ರ ಹತ್ರ ವಯಸ್ಸು, ಎ.ಡಿ.ಎಚ್.ಡಿ ಅನ್ನೂ ಹೆಸರೂ ಕೇಳದ ಮುದುಕಿ, ಅಂವನ್ನ ಕರದ್ರು. ಕೈಯಾಗ ನೀರಿನ ಜಗ್ಗ ಕೊಟ್ರು. "ಬಾ ತಮ್ಮಾ, ಈ ಒಂದ ಸಾಲಿಗೆ ಅಷ್ಟ ನೀರ ಹಾಕು, ನಾ ಹಿಂದ ಉಪ್ಪಿನಕಾಯಿ ಹಾಕ್ಕೋಂತ ಬರತೀನಿ" ಅಂದ್ರು. ಒಂದ ಸಾಲ ಮುಗೀತು. "ಭೇಷ್, ಒಂದ ಹನಿ ಚೆಲ್ಲಲಿಲ್ಲ ನೋಡು" ಅಂದ್ರು. ಆಮ್ಯಾಲ ಅಂವನೇ ಎರಡನೇ ಸಾಲಿಗೆ ಹೋದ. ಊಟ ಮುಗಿಯೂ ತನಕ ನಿಮಗೆಲ್ಲಾ ನೀರ ಹಾಕಿದಾಂವ ಅಂವನೇ. ಹಾಸ್ಟೆಲಿಗೆ ಹಾಕ್ರಿ ಅಂದವರ ಲೋಟಾಕ್ಕೂ ಅಂವನೇ ಹಾಕ್ಯಾನ.

ನಾ ಕೇಳೂದು ಇಷ್ಟ. ಮುಂದಿನ ತಿಂಗಳ ತೊಟ್ಟಿಲ ಕಾರ್ಯ ಅದ, ಮತ್ತ ಎಲ್ಲಾರೂ ಕೂಡತೀವಿ. ಅವತ್ತ ಅಂವಗ ಕೆಲಸ ಹೇಳ್ರಿ, ಹೇಳಬ್ಯಾಡ್ರಿ ಅನ್ನಂಗಿಲ್ಲ. ಒಂದೇ ಹೇಳ್ರಿ. ಸುರು ಮಾಡೂ ತನಕ ಬಾಜೂ ನಿಂದರ್ರಿ. ಮುಗಿಸಿದ ಮ್ಯಾಲ ಒಂದ ಭೇಷ್ ಅನ್ರಿ. ಮೈಗಳ್ಳ ಅನ್ನೂ ಮಾತು ಬಾಯಿಗೆ ಬಂದ್ರ ಆ ಮುದುಕಿನ್ನ ನೆನಸಕೊಂಡು ನುಂಗಿ ಬಿಡ್ರಿ.